ರಾಷ್ಟ್ರೀಯ ಶೋಕ ದಿನ ಇನ್ನೂ ಬೇಕೇ? ನಿರ್ಧರಿಸುವ ಸಮಿತಿಗೊಂದು ಕೈಪಿಡಿ

ದೊಡ್ಡ ದುರಂತ ನಡೆದು ಕೆಲವು ದಶಕ ಕಳೆದ ಮೇಲೆ ಆ ದೇಶದ ಯಾವುದೋ ಸಮಿತಿಯ ಮೇಜಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ಸಾರ್ವಜನಿಕ ಶೋಕಾಚರಣೆ ಇನ್ನೆಷ್ಟು ವರ್ಷ? ಬಹುಪಾಲು ಸಭೆಗಳು ಮೊದಲ ಅರ್ಧ ಗಂಟೆಯಲ್ಲೇ ಹಳಿ ತಪ್ಪುತ್ತವೆ. ‘ಸಾಕು’ ಎನ್ನುವವರ ಮನಸ್ಸಿನಲ್ಲಿ ಇರುವುದು ರಜೆ, ಭಾಷಣ, ಅರ್ಧಕ್ಕಿಳಿದ ಧ್ವಜ. ‘ಬಿಡಬಾರದು’ ಎನ್ನುವವರ ಮನಸ್ಸಿನಲ್ಲಿ ಇರುವುದು ಕಲ್ಲಿನ ಮೇಲೆ ಕೆತ್ತಿದ ಒಂದು ಹೆಸರು. ಇಬ್ಬರೂ ಬೇರೆ ಬೇರೆ ವಿಷಯದ ಮೇಲೆ ಜಗಳಕ್ಕೆ ಬಿದ್ದಿರುತ್ತಾರೆ.

ಹಾಗಾಗಿ ಪ್ರಶ್ನೆಯನ್ನು ಮೊದಲು ನಾಲ್ಕಾಗಿ ಒಡೆಯಿರಿ. ಒಂದು, ಸರ್ಕಾರಿ ಶೋಕ: ಧ್ವಜ, ರಜೆ, ಮನರಂಜನೆಗೆ ನಿರ್ಬಂಧ. ಎರಡು, ವರ್ಷಕ್ಕೊಮ್ಮೆ ನಡೆಯುವ ಸಭೆ. ಮೂರು, ಹೆಸರುಗಳ ಪಟ್ಟಿ, ದಾಖಲೆ ಮತ್ತು ಜಾಗ. ನಾಲ್ಕು, ಶಾಲೆಯ ಪಾಠ. ಪ್ರತಿಯೊಂದಕ್ಕೂ ಬೇರೆಯಾಗಿ ಮತ ಹಾಕಿಸಿ. ಮೊದಲನೆಯದು ಬೇಗ ಸವೆಯುತ್ತದೆ. ಸವೆದರೆ ಅದನ್ನು ಕಳಚಬಹುದು, ಯಾರಿಗೂ ದ್ರೋಹವಾಗುವುದಿಲ್ಲ. ಮೂರನೆಯದಕ್ಕೆ ಮಾತ್ರ ಮುಕ್ತಾಯದ ದಿನಾಂಕ ಹಾಕಬಾರದು.

ಬಾಕಿ ಪಟ್ಟಿ

ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುವ ಮೊದಲು ಏನೇನು ಬಾಕಿ ಇದೆ ಎಂದು ಬರೆಯಿರಿ. ಒಂದೇ ಹಾಳೆ ಸಾಕು. ಶವಗಳೆಲ್ಲ ಸಿಕ್ಕಿವೆಯೇ, ಸಿಕ್ಕವುಗಳ ಗುರುತು ಪತ್ತೆಯಾಗಿದೆಯೇ, ಸತ್ತವರ ಹೆಸರಿನ ಪಟ್ಟಿ ಪೂರ್ತಿಯಾಗಿದೆಯೇ, ನಡೆದದ್ದೇನು ಎಂಬುದನ್ನು ಸರ್ಕಾರ ಬರಹದಲ್ಲಿ ಒಪ್ಪಿಕೊಂಡಿದೆಯೇ, ತಪ್ಪಿತಸ್ಥರ ವಿಚಾರಣೆ ಮುಗಿದಿದೆಯೇ, ಪರಿಹಾರ ತಲುಪಿದೆಯೇ. ಒಂದೊಂದರ ಮುಂದೆಯೂ ‘ಆಗಿದೆ’, ‘ನಡೆಯುತ್ತಿದೆ’, ‘ಶುರುವೇ ಆಗಿಲ್ಲ’ ಎಂಬ ಮೂರರಲ್ಲಿ ಒಂದನ್ನು ಮಾತ್ರ ಬರೆಯಿರಿ. ‘ಪರಿಶೀಲನೆಯಲ್ಲಿದೆ’ ಎಂಬ ನಾಲ್ಕನೆಯ ಉತ್ತರಕ್ಕೆ ಜಾಗ ಕೊಟ್ಟರೆ ಇಡೀ ಹಾಳೆ ಅದರಿಂದಲೇ ತುಂಬುತ್ತದೆ.

ಮೊದಲ ನಾಲ್ಕರಲ್ಲಿ ಒಂದಾದರೂ ‘ಆಗಿದೆ’ ಅಲ್ಲವಾದರೆ ಆಚರಣೆಯನ್ನು ಮುಟ್ಟಬೇಡಿ. ಕಾರಣ ಭಾವುಕತೆಯಲ್ಲ. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈಯಲ್ಲಿ 8,000ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರ ಕೊಲೆಯಾಯಿತು. ಸಾಕ್ಷ್ಯ ಮುಚ್ಚಲು ಸಾಮೂಹಿಕ ಗುಂಡಿಗಳನ್ನು ಯಂತ್ರಗಳಿಂದ ಬಗೆದು, ಶವಗಳನ್ನು ಬೇರೆ ಗುಂಡಿಗಳಿಗೆ ಸಾಗಿಸಿದ್ದರಿಂದ ಒಬ್ಬನ ಮೂಳೆಗಳೇ ಹಲವು ಕಡೆ ಹಂಚಿಹೋದವು. ಡಿಎನ್‌ಎ ಪರೀಕ್ಷೆಯಿಂದ ಗುರುತು ಸಿಕ್ಕ ಮೇಲೂ, ಸಿಕ್ಕಷ್ಟನ್ನು ಈಗಲೇ ಮಣ್ಣು ಮಾಡುವುದೋ ಉಳಿದದ್ದು ಸಿಗುವವರೆಗೆ ಕಾಯುವುದೋ ಎಂದು ಮನೆಯವರು ತೀರ್ಮಾನಿಸಬೇಕಾಗುತ್ತದೆ. ಹೀಗೆ ಗುರುತು ಸಿಕ್ಕವರನ್ನು ಪ್ರತಿ ಜುಲೈ 11ರಂದು ಪೊಟೊಚಾರಿಯ ಸ್ಮಶಾನದಲ್ಲಿ ಹೂಳುತ್ತಾರೆ. ಅಲ್ಲಿ ಆ ದಿನ ನಡೆಯುವುದು ನಿಜವಾದ ಅಂತ್ಯಸಂಸ್ಕಾರ. ಹಿರೋಷಿಮಾದಲ್ಲೂ ಆಗಸ್ಟ್ 6ಕ್ಕೆ ಒಂದು ಕೆಲಸವಿದೆ: ಹಿಂದಿನ ವರ್ಷ ತೀರಿಕೊಂಡ, ಅಥವಾ ಸಾವು ಖಚಿತವಾದ ಬಾಂಬ್ ಸಂತ್ರಸ್ತರ ಹೆಸರುಗಳನ್ನು ಸ್ಮಾರಕದೊಳಗಿನ ಪಟ್ಟಿಗೆ ಸೇರಿಸುತ್ತಾರೆ. ಆ ಪಟ್ಟಿ ಮೂರು ಲಕ್ಷ ದಾಟಿದೆ.

ಬಾಕಿ ಇಟ್ಟುಕೊಂಡೇ ಬಾಯಿ ಮುಚ್ಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್ ನೋಡಿ. ಸರ್ವಾಧಿಕಾರಿ ಫ್ರಾಂಕೋ ಸತ್ತ ಮೇಲೆ 1977ರಲ್ಲಿ ಕ್ಷಮಾದಾನ ಕಾಯ್ದೆ ಬಂತು, ಅಂತರ್ಯುದ್ಧದ ಮಾತೆತ್ತುವುದು ಬೇಡ ಎಂಬ ಅಲಿಖಿತ ಒಪ್ಪಂದವೂ ಬಂತು. ಪ್ರಜಾಪ್ರಭುತ್ವ ನೆಲೆಯೂರಲು ಅದು ನೆರವಾಯಿತು ಎನ್ನುವುದನ್ನು ತಳ್ಳಿಹಾಕಲಾಗದು. ಆದರೆ ಕೊಲೆಯಾದವರ ಶವಗಳು ರಸ್ತೆ ಬದಿಯ ಗುಂಡಿಗಳಲ್ಲೇ ಉಳಿದಿದ್ದವು. 2000ದಲ್ಲಿ ಪ್ರಿಯಾರಾಂಸಾ ದೆಲ್ ಬಿಯೆರ್ಸೊ ಎಂಬಲ್ಲಿ ಮೊಮ್ಮಗನೊಬ್ಬ ಅಜ್ಜನಿದ್ದ ಗುಂಡಿ ಅಗೆಸಿದ್ದೇ ತಡ, ಪ್ರಶ್ನೆ ಮತ್ತೆ ಎದ್ದಿತು. 2007ರಲ್ಲಿ ಒಂದು ಕಾಯ್ದೆ, 2022ರಲ್ಲಿ ಇನ್ನೊಂದು ಕಾಯ್ದೆ ಆಗಬೇಕಾಯಿತು.

ಮರೆಯುವುದೇ ಮದ್ದು ಎನ್ನುವವರು ಸಾಮಾನ್ಯವಾಗಿ ಕ್ರಿಸ್ತಪೂರ್ವ 403ರ ಅಥೆನ್ಸ್‌ಗೆ ಹೋಗುತ್ತಾರೆ. ಅಂತರ್ಕಲಹ ಮುಗಿದ ಮೇಲೆ ಅಲ್ಲಿನ ನಾಗರಿಕರು ಹಳೆಯ ಕೆಡುಕನ್ನು ಎತ್ತಿ ಆಡುವುದಿಲ್ಲ ಎಂದು ಆಣೆ ಮಾಡಿದ್ದು ನಿಜ. ಆದರೆ ಅದಕ್ಕೆ ಮುಂಚೆ ನಗರವನ್ನು ಆಳಿದ್ದ ಮೂವತ್ತು ಮಂದಿ ದಬ್ಬಾಳಿಕೆಗಾರರನ್ನೂ ಅವರ ಮುಖ್ಯ ಅಧಿಕಾರಿಗಳನ್ನೂ ಆ ರಕ್ಷಣೆಯಿಂದ ಹೊರಗಿಟ್ಟಿದ್ದರು. ತಮ್ಮ ಆಡಳಿತದ ಲೆಕ್ಕ ಒಪ್ಪಿಸಿದರೆ ಮಾತ್ರ ಅವರಿಗೂ ಕ್ಷಮೆ. ಈ ಅರ್ಧವನ್ನು ಬಿಟ್ಟು ಉದಾಹರಣೆ ಕೊಡುವವರನ್ನು ಸಭೆಯಲ್ಲೇ ತಡೆಯಿರಿ.

ಯಾರನ್ನು ಕೇಳಬೇಕು, ಹೇಗೆ

ಬದುಕುಳಿದವರು, ಸತ್ತವರ ಮನೆಯವರು, ದುರಂತ ನಡೆದ ಊರಿನಲ್ಲಿ ಈಗ ವಾಸಿಸುವವರು: ಈ ಮೂವರ ಅಭಿಪ್ರಾಯ ಒಂದೇ ಆಗಿರುವುದಿಲ್ಲ, ಒಟ್ಟಿಗೆ ಕೂರಿಸಿ ಕೇಳಲೂಬಾರದು. ತುಂಬಿದ ಸಭೆಯಲ್ಲಿ ‘ನನಗೆ ಸಾಕಾಗಿದೆ’ ಎಂದು ಎದ್ದು ಹೇಳುವ ಧೈರ್ಯ ಮಗನನ್ನು ಕಳೆದುಕೊಂಡ ತಾಯಿಗೂ ಇರುವುದಿಲ್ಲ. ಹೆಸರು ಬರೆಯದ ಚೀಟಿಯಲ್ಲಿ ಉತ್ತರ ಪಡೆಯಿರಿ. ‘ಬೇಕೇ, ಬೇಡವೇ’ ಎಂದು ಕೇಳಬೇಡಿ. ‘ಮುಂದಿನ ವರ್ಷ ಇದರಲ್ಲಿ ಯಾವುದು ಇಲ್ಲದಿದ್ದರೆ ನಿಮಗೆ ನೋವಾಗುತ್ತದೆ’ ಎಂದು ಕೇಳಿ. ಹೆಸರು ಓದುವುದು, ಮೌನ, ಸ್ಥಳಕ್ಕೆ ಹೋಗುವ ಬಸ್ಸು ಮುಂತಾದ ಉತ್ತರಗಳು ಬರತೊಡಗಿದರೆ ಯಾವುದನ್ನು ಉಳಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಮಂತ್ರಿಗಳ ಭಾಷಣ ಇಲ್ಲದಿದ್ದರೆ ನೋವಾಗುತ್ತದೆ ಎಂದು ಯಾರಾದರೂ ಬರೆದರೆ ಆ ಚೀಟಿಯನ್ನು ಪ್ರದರ್ಶನಕ್ಕೇ ಇಡಬಹುದು.

ಕೆಟ್ಟಿದೆಯೇ ಎಂದು ಅಳೆಯುವುದು

ಕಳೆದ ವರ್ಷದ ಕಾರ್ಯಕ್ರಮದ ವಿಡಿಯೋ ಹಾಕಿ, ಗಡಿಯಾರ ಹಿಡಿದು ಕೂರಿ. ಭಾಷಣಕ್ಕೆ ಎಷ್ಟು ನಿಮಿಷ, ಮೌನಕ್ಕೂ ಹೆಸರುಗಳಿಗೂ ಎಷ್ಟು ನಿಮಿಷ? ಭಾಷಣದ ಪಾಲು ಹೆಚ್ಚಿದ್ದರೆ ಅದು ಶೋಕ ಸಭೆಯಾಗಿ ಉಳಿದಿಲ್ಲ. ಮುಂದಿನ ಸಾಲಿನಲ್ಲಿ ಕೂತವರಲ್ಲಿ ಸಂತ್ರಸ್ತ ಕುಟುಂಬದವರೆಷ್ಟು ಮಂದಿ ಎಂದು ಎಣಿಸಿ. ಭಾಷಣದ ಪ್ರತಿ ಸಿಕ್ಕರೆ, ಇಂದು ಬದುಕಿರುವ ಯಾವುದಾದರೂ ಸಮುದಾಯವನ್ನು ಹೊಣೆ ಮಾಡುವ ವಾಕ್ಯಗಳಿಗೆ ಕೆಳಗೆರೆ ಹಾಕಿ. ಅಂಥದ್ದು ಒಂದಿದ್ದರೂ ಆ ದಿನ ಸತ್ತವರಿಗಾಗಿ ನಡೆದದ್ದಲ್ಲ. ಕೊನೆಯದಾಗಿ, ಯಾರ ಸಾವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಹುಡುಕಿ: ವಲಸೆ ಕೂಲಿಗಳು, ಎದುರು ಪಾಳೆಯದ ಸಾಮಾನ್ಯ ಜನ, ಗಾಯಗಳಿಂದ ಆಮೇಲೆ ಸತ್ತವರು.

ಇವು ಸಿಕ್ಕ ಮಾತ್ರಕ್ಕೆ ದಿನವನ್ನೇ ರದ್ದು ಮಾಡಬೇಕಿಲ್ಲ. ನ್ಯೂಯಾರ್ಕಿನ ಸೆಪ್ಟೆಂಬರ್ 11ರ ಸ್ಮರಣೆಯಲ್ಲಿ 2012ರಿಂದ ಚುನಾಯಿತ ಪ್ರತಿನಿಧಿಗಳ ಭಾಷಣವನ್ನು ಕೈಬಿಟ್ಟರು. ಕುಟುಂಬದವರು ಹೆಸರು ಓದುತ್ತಾರೆ, ರಾಜಕಾರಣಿಗಳು ಬಂದರೂ ಸುಮ್ಮನೆ ನಿಂತು ಕೇಳುತ್ತಾರೆ. ಮಾಡಬಹುದಾದ ಸುಧಾರಣೆಗಳಲ್ಲಿ ಖರ್ಚಿಲ್ಲದೆ ಹೆಚ್ಚು ಫಲ ಕೊಡುವುದು ಇದೇ.

ಮುಂದುವರಿಸುವುದಾದರೆ

ಮೌನಕ್ಕೆ ಎರಡು ನಿಮಿಷ ಸರಿಯಾದ ಅಳತೆ. ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ 1919ರ ನವೆಂಬರ್ 11ರಂದು ಬ್ರಿಟನ್ನಿನಲ್ಲಿ ಬೆಳಿಗ್ಗೆ 11ಕ್ಕೆ ಮೊದಲ ಸಲ ಆಚರಿಸಿದ್ದೂ ಅಷ್ಟೇ. ಒಂದು ನಿಮಿಷದಲ್ಲಿ ಜನ ತಡವರಿಸಿ ನಿಲ್ಲುವಷ್ಟರಲ್ಲಿ ಮುಗಿದಿರುತ್ತದೆ, ಐದಾದರೆ ಮೊಬೈಲ್ ಹೊರಬರುತ್ತದೆ. ಶುರು ಮತ್ತು ಕೊನೆ ಎರಡಕ್ಕೂ ಗುರುತು ಬೇಕು. ಭಾರತದ ಜನವರಿ 30ರ ಸುತ್ತೋಲೆಯಲ್ಲಿ ಸೈರನ್ 10.59ಕ್ಕೆ ಮೊದಲಾಗಿ 11ಕ್ಕೆ ನಿಲ್ಲುತ್ತದೆ, ಮತ್ತೆ 11.02ರಿಂದ 11.03ರವರೆಗೆ ಮೊಳಗುತ್ತದೆ. ಇಸ್ರೇಲಿನಲ್ಲಿ ಯಹೂದಿ ಹತ್ಯಾಕಾಂಡದ ನೆನಪಿನ ದಿನ ಬೆಳಿಗ್ಗೆ 10ಕ್ಕೆ ಎರಡು ನಿಮಿಷವೂ ಸೈರನ್ನೇ ಕೂಗುತ್ತದೆ, ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಜನ ಇಳಿದು ನಿಲ್ಲುತ್ತಾರೆ. ಯುದ್ಧ ಕಂಡ ಊರಿನಲ್ಲಿ ಅಪಾಯದ ಸೈರನ್ನಿನ ದನಿಯನ್ನೇ ಬಳಸಿದರೆ ಕೆಲವರು ನೆಲಮಾಳಿಗೆಗೆ ಓಡುತ್ತಾರೆ. ಅಂಥ ಕಡೆ ಗಂಟೆ ಬಾರಿಸುವುದು ಮೇಲು.

ಧ್ವಜವನ್ನು ನೇರವಾಗಿ ಅರ್ಧಕ್ಕೆ ಏರಿಸಿ ಕಟ್ಟುವುದು ಎಲ್ಲೆಡೆ ಕಾಣುವ ತಪ್ಪು. ತುದಿಯವರೆಗೆ ಏರಿಸಿ, ಕ್ಷಣ ಬಿಟ್ಟು ಅರ್ಧಕ್ಕೆ ಇಳಿಸಬೇಕು. ಸಂಜೆ ತೆಗೆಯುವಾಗಲೂ ಮತ್ತೆ ತುದಿಗೆ ಏರಿಸಿಯೇ ಪೂರ್ತಿ ಇಳಿಸಬೇಕು.

ಹೆಸರು ಓದುವುದಕ್ಕೆ ಲೆಕ್ಕ ಬೇಕು. ಒಂದು ಹೆಸರಿಗೆ 5 ಸೆಕೆಂಡು ಹಿಡಿದರೆ ಗಂಟೆಗೆ 720. ನ್ಯೂಯಾರ್ಕಿನ ಸ್ಮಾರಕದಲ್ಲಿರುವ 2,983 ಹೆಸರುಗಳಿಗೆ ಈ ಲೆಕ್ಕದಲ್ಲಿ ನಾಲ್ಕು ಗಂಟೆ ದಾಟುತ್ತದೆ. ಹತ್ತು ಸಾವಿರವಾದರೆ ಸುಮಾರು ಹದಿನಾಲ್ಕು ಗಂಟೆ, ಅದನ್ನು ಊರೂರಿಗೆ ಹಂಚಲೇಬೇಕು. ಬೇಗ ಮುಗಿಸಲು 2 ಸೆಕೆಂಡಿಗೆ ಇಳಿಸಿದರೆ ಹಾಜರಿ ಕರೆದಂತೆ ಕೇಳುತ್ತದೆ. ಎರಡು ಮೈಕ್ ಇಟ್ಟು ಇಬ್ಬರು ಸರದಿಯಲ್ಲಿ ಓದಲಿ, ಒಬ್ಬೊಬ್ಬರಿಗೆ 20ಕ್ಕಿಂತ ಹೆಚ್ಚು ಬೇಡ. ಹಾಳೆಯ ಒಂದೇ ಬದಿಗೆ ದಪ್ಪ ಅಕ್ಷರದಲ್ಲಿ ಮುದ್ರಿಸಿ, ಪಿನ್ ಹೊಡೆಯಬೇಡಿ, ಪುಟ ಮಗುಚುವ ಸದ್ದು ಮೈಕಿನಲ್ಲಿ ಜೋರಾಗಿ ಕೇಳುತ್ತದೆ. ಉಚ್ಚಾರಣೆಯನ್ನು ವಾರಕ್ಕೆ ಮುಂಚೆ ಮನೆಯವರಿಂದಲೇ ಕೇಳಿ ಬರೆದುಕೊಳ್ಳಿ. ಓದುತ್ತಿರುವವರ ದನಿ ಬಿಗಿದು ನಿಂತರೆ ಹತ್ತು ಸೆಕೆಂಡು ಕಾಯಿರಿ. ಆಮೇಲೆ ಅದೇ ಹಾಳೆ ಹಿಡಿದು ಹಿಂದೆ ನಿಂತಿರುವ ಬದಲಿ ಓದುಗ, ನಿಂತುಹೋದ ಹೆಸರಿನಿಂದಲೇ ಹಿಡಿಯಬೇಕು, ಅದರ ಮುಂದಿನದರಿಂದಲ್ಲ. ಗುರುತು ಸಿಗದವರಿಗೂ ಅಷ್ಟೇ ಹೊತ್ತು ಕೊಡಿ: ‘ಹೆಸರು ತಿಳಿಯದ ಒಬ್ಬ ಹೆಂಗಸು’ ಎಂದು ಓದಿ ನಿಲ್ಲಿಸಿ.

ಕಿರಿದುಗೊಳಿಸುವುದಾದರೆ

ದಿಢೀರನೆ ಕಡಿಯಬೇಡಿ. ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ತಾಂಗ್ 1975ರಲ್ಲಿ, ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ದಿನವಾದ ಮೇ 8ರ ಅಧಿಕೃತ ಆಚರಣೆಯನ್ನು ಕೈಬಿಟ್ಟರು. ಜರ್ಮನಿಯೊಂದಿಗಿನ ಸ್ನೇಹಕ್ಕೆ ಅದು ಸೂಕ್ತ ಎಂಬ ಅವರ ಎಣಿಕೆಯಲ್ಲಿ ಹುರುಳಿತ್ತು, ಆದರೆ ಮಾಜಿ ಸೈನಿಕರು ಕೆರಳಿದರು. 1981ರಲ್ಲಿ ಹೊಸ ಸರ್ಕಾರ ಬಂದು ರಜೆಯನ್ನೇ ಮರಳಿಸಿತು. ಅದೇ ದೇಶ 2012ರಲ್ಲಿ ನವೆಂಬರ್ 11ನ್ನು ಫ್ರಾನ್ಸಿಗಾಗಿ ಮಡಿದ ಎಲ್ಲರ ದಿನವಾಗಿ ಹಿಗ್ಗಿಸಿತು, ಬೇರೆ ದಿನಗಳನ್ನು ಮುಟ್ಟಲಿಲ್ಲ. ಜಪಾನ್ ಸರ್ಕಾರದ ದಾರಿಯೂ ನೋಡಬೇಕಾದ್ದು: 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಗೆ ರಾಷ್ಟ್ರ ಮಟ್ಟದ ಸಭೆಯನ್ನು ಹತ್ತನೇ ವರ್ಷಕ್ಕೆ, 2021ರಲ್ಲಿ ಮುಗಿಸಿತು. ಮಧ್ಯಾಹ್ನ 2.46ರ ಮೌನ ಮತ್ತು ಊರಿನ ಸಭೆಗಳು ಉಳಿದವು.

ಕ್ರಮ ಹೀಗಿರಲಿ. ಎರಡು ವರ್ಷ ಮುಂಚಿತವಾಗಿ ಮೊದಲು ಕುಟುಂಬಗಳಿಗೆ ಪತ್ರ ಬರೆಯಿರಿ, ಪತ್ರಿಕೆಯಲ್ಲಿ ಓದಿ ತಿಳಿಯುವಂತಾದರೆ ನಂಬಿಕೆ ಹೋಯಿತು. ಮೊದಲ ವರ್ಷ ಮನರಂಜನೆಯ ನಿರ್ಬಂಧ ತೆಗೆಯಿರಿ, ಎರಡನೆಯ ವರ್ಷ ರಜೆ, ಕಟ್ಟಕಡೆಗೆ ರಾಷ್ಟ್ರ ಮಟ್ಟದ ಸಭೆ. ತಾರೀಕು, ಗಳಿಗೆ, ಹೆಸರು ಈ ಮೂರನ್ನು ಬಿಡಬೇಡಿ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಸ್ಮರಣೆ ಭಾನುವಾರಕ್ಕೆ ಸರಿದಿತ್ತು. 1995ರಲ್ಲಿ ಮಾಜಿ ಸೈನಿಕರ ಸಂಘ ನವೆಂಬರ್ 11ರ ಮೌನವನ್ನೇ ಮತ್ತೆ ತಂದಾಗ ಜನ ಸೇರಿಕೊಂಡರು, ಏಕೆಂದರೆ ತಾರೀಕು ಎಲ್ಲರ ನೆನಪಿನಲ್ಲಿತ್ತು. ಸಭೆಯ ಜಾಗಕ್ಕೆ ಸ್ಥಳೀಯವಾದದ್ದೇನಾದರೂ ಬರಲಿ. ಜರ್ಮನ್ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ, ನಾಜಿಗಳಿಗೆ ಬಲಿಯಾದವರು ವಾಸವಿದ್ದ ಮನೆಯೆದುರು ಹೆಸರು ಬರೆದ ಹಿತ್ತಾಳೆ ತಗಡಿನ ಸುಮಾರು 10 ಸೆಂಟಿಮೀಟರ್ ಕಲ್ಲು ಹೂಳುವ ಕೆಲಸ, ಯೂರೋಪಿನಲ್ಲಿ ಒಂದು ಲಕ್ಷ ದಾಟಿದೆ. ಹಿತ್ತಾಳೆ ಮಾಸುತ್ತದೆ, ವರ್ಷಕ್ಕೊಮ್ಮೆ ಉಜ್ಜುವವರ ಹೆಸರನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ.

ಆದೇಶ ಬರೆಯುವಾಗ ಮರುಪರಿಶೀಲನೆಯ ವರ್ಷವನ್ನು ಅಂಕಿಯಲ್ಲೇ ನಮೂದಿಸಿ, ‘ಸೂಕ್ತ ಕಾಲದಲ್ಲಿ’ ಎಂದು ಬಿಡಬೇಡಿ. ಹತ್ತು ವರ್ಷ ಸಾಕಷ್ಟು ಅಂತರ. ಹೆಸರು ಸೇರಿಸುವ, ತಿದ್ದುವ ಅಧಿಕಾರ ಯಾವ ಕಚೇರಿಗೆ, ಅರ್ಜಿ ಬಂದರೆ ಎಷ್ಟು ದಿನದಲ್ಲಿ ಉತ್ತರ, ಮೂಲ ಪಟ್ಟಿಯ ಎರಡನೇ ಪ್ರತಿ ಎಲ್ಲಿ, ಇವು ಅದೇ ಆದೇಶದ ಭಾಗವಾಗಿರಲಿ. ಬಾಕಿ ಪಟ್ಟಿಯ ಹಾಳೆಯನ್ನೂ ಅದಕ್ಕೆ ಲಗತ್ತಿಸಿ, ಹತ್ತು ವರ್ಷದ ನಂತರ ಕೂರುವ ಸಮಿತಿ ಅದರಿಂದಲೇ ಶುರು ಮಾಡಲಿ.