ಮಣ್ಣಿನ ಅಮೈನೋ ಆಮ್ಲಗಳಲ್ಲಿ ಸಾರಜನಕದ ಐಸೋಟೋಪ್ ಅಳೆಯುವುದು ಹೇಗೆ?

ಮಣ್ಣಿನಿಂದ ಅಮೈನೋ ಆಮ್ಲ ತೆಗೆದು ಅದರಲ್ಲಿನ ಸಾರಜನಕ-15 (ಸಾರಜನಕದ ಭಾರದ ರೂಪ, ಅಂದರೆ ಭಾರದ ಐಸೋಟೋಪ್) ಅಳೆಯಲು ಹೊರಟವರು ಕೆಲಸ ಕೆಡಿಸಿಕೊಳ್ಳುವುದು ಅಳೆಯುವ ಯಂತ್ರದ ಮುಂದಲ್ಲ, ರೆಸಿನ್ ಕಾಲಂ ಮುಂದೆ, ಅಂದರೆ ಅಮೈನೋ ಆಮ್ಲವನ್ನು ಹಿಡಿದಿಟ್ಟು ಶುದ್ಧಗೊಳಿಸುವ ಮಣಿಗಳನ್ನು ತುಂಬಿದ ನಳಿಕೆಯ ಮುಂದೆ. ಬೇರೆ ವಿಶ್ಲೇಷಣೆಗಳಲ್ಲಿ ವಸ್ತು ಸ್ವಲ್ಪ ಕಳೆದರೆ ಪ್ರಮಾಣ ಕಡಿಮೆ ಬರುತ್ತದೆ, ಅಷ್ಟೇ. ಇಲ್ಲಿ ಹಗುರ ಮತ್ತು ಭಾರದ ಸಾರಜನಕ ಒಂದೇ ವೇಗದಲ್ಲಿ ಸಾಗುವುದಿಲ್ಲ; ಹಾಗಾಗಿ ಒಂದಷ್ಟು ಕಳೆದರೆ ಉಳಿದದ್ದರ ಉತ್ತರವೇ ಬದಲಾಗುತ್ತದೆ. ಗಾಳಿಯ ಸಾರಜನಕದಲ್ಲಿ ಭಾರದ ಐಸೋಟೋಪ್ ಇರುವುದೇ ಶೇ 0.37ರಷ್ಟು. ನಾವು ಹುಡುಕುವುದು ಆ ಅನುಪಾತದಲ್ಲಿ ಸಾವಿರಕ್ಕೆ ಕೆಲವೇ ಪಾಲಿನ ವ್ಯತ್ಯಾಸವನ್ನು.

ಮಣ್ಣನ್ನು ತಂದ ಕೂಡಲೇ ಹೆಪ್ಪುಗಟ್ಟಿಸಿ, ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿದಂತೆಯೇ ನಿರ್ವಾತದಲ್ಲಿ ಒಣಗಿಸಿ), ಬೇರು ಆಯ್ದು, 2 ಮಿ.ಮೀ. ಜರಡಿ ಹಿಡಿದು ನುಣ್ಣಗೆ ಪುಡಿ ಮಾಡಿ.

ಮುಂದಿನದು ಪ್ರೋಟೀನ್ ಒಡೆಯುವ ಹಂತ. 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 24 ಗಂಟೆ ಕಾಯಿಸಿ. ಸೀಸೆಯೊಳಗಿನ ಗಾಳಿಯನ್ನು ಸಾರಜನಕ ಅನಿಲ ಹಾಯಿಸಿ ಹೊರಹಾಕಿರಬೇಕು. ಮುಚ್ಚಳಕ್ಕೆ ಟೆಫ್ಲಾನ್ ಪದರವಿರಬೇಕು. ಅಗ್ಗದ ರಬ್ಬರ್ ಮುಚ್ಚಳ ಈ ಆಮ್ಲದ ಆವಿಗೆ ತಡೆಯುವುದಿಲ್ಲ. ಟ್ರಿಪ್ಟೊಫಾನ್ ಇಲ್ಲಿ ನಾಶವಾಗುತ್ತದೆ. ಗ್ಲುಟಮೀನ್ ಗ್ಲುಟಾಮಿಕ್ ಆಮ್ಲವಾಗಿಯೂ ಆಸ್ಪರಜೀನ್ ಆಸ್ಪಾರ್ಟಿಕ್ ಆಮ್ಲವಾಗಿಯೂ ಬದಲಾಗುವುದರಿಂದ ಆ ಜೋಡಿಗಳನ್ನು ಒಟ್ಟಾಗಿಯೇ ವರದಿ ಮಾಡಿ. ಸೋಸಿದ ದ್ರಾವಣದ ಅರ್ಧವನ್ನು ಫ್ರೀಜರಿಗೆ ಹಾಕಿ. ಉಳಿದರ್ಧಕ್ಕೆ, ಐಸೋಟೋಪ್ ಮೌಲ್ಯ ಮೊದಲೇ ಗೊತ್ತಿರುವ ನಾರ್‌ಲ್ಯೂಸಿನ್ ಎಂಬ ಅಮೈನೋ ಆಮ್ಲ ಸೇರಿಸಿ; ಕೊನೆಯಲ್ಲಿ ಅಳತೆ ಸರಿಯಿದೆಯೇ ಎಂದು ನೋಡಲು ಇದು ಬೇಕು.

ಈಗ ಕಾಲಂ. ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಲವಣ ಎಲ್ಲವೂ ಇರುವುದರಿಂದ ಈ ಹಂತ ಬಿಡುವಂತಿಲ್ಲ. ಶುದ್ಧ ಪ್ರೋಟೀನಿಗೆ ನಡೆಯುವ ಅಡ್ಡದಾರಿ ಮಣ್ಣಿಗೆ ನಡೆಯದು. ದ್ರಾವಣವನ್ನು ಮೊದಲು ಒಣಗಿಸಿ, ತೆಳು ಆಮ್ಲದಲ್ಲಿ ಮತ್ತೆ ಕರಗಿಸಿಕೊಳ್ಳಿ. ಗಟ್ಟಿ ಆಮ್ಲದಲ್ಲೇ ಸುರಿದರೆ ಅಮೈನೋ ಆಮ್ಲ ರೆಸಿನ್‌ಗೆ ಹಿಡಿಯದೆ ಹರಿದುಹೋಗುತ್ತದೆ. ಡೋವೆಕ್ಸ್ 50ರಂಥ ಕ್ಯಾಟಯಾನ್ ರೆಸಿನ್ (ಧನ ಆವೇಶದ ಕಣಗಳನ್ನು ಹಿಡಿಯುವ ರೆಸಿನ್) ಅನ್ನು ಆಮ್ಲದಲ್ಲಿ ತೊಳೆದು ಸಜ್ಜುಗೊಳಿಸಿ. ರೆಸಿನ್ ಒಣಗಬಾರದು, ನಡುವೆ ಗುಳ್ಳೆ ಸೇರಬಾರದು. ಗುಳ್ಳೆ ಕಂಡರೆ ಕಾಲಂ ಬಿಚ್ಚಿ ಮತ್ತೆ ತುಂಬಿ. ತಟ್ಟಿ ಸರಿಪಡಿಸಲು ಹೋಗಬೇಡಿ. ಮಾದರಿ ಹನಿಹನಿಯಾಗಿ ಇಳಿಯಲಿ. ಆಮೇಲೆ ಆಕ್ಸಾಲಿಕ್ ಆಮ್ಲದಿಂದ ಲೋಹಗಳನ್ನು ತೊಳೆದು, ನೀರು ಹಾಯಿಸಿ, 2 ಮೋಲಾರ್ ಅಮೋನಿಯದಿಂದ ಅಮೈನೋ ಆಮ್ಲಗಳನ್ನು ಇಳಿಸಿ.

ಜನ ಅವಸರಪಡುವುದು ಇಲ್ಲೇ. ಕೆಳಗೆ ಅಮೋನಿಯದ ವಾಸನೆ ಬಂದೊಡನೆ ಮುಗಿಯಿತೆಂದು ನಲ್ಲಿ ಮುಚ್ಚುತ್ತಾರೆ. ಮೊದಲು ಇಳಿದ ಭಾಗದ ಐಸೋಟೋಪ್ ಅನುಪಾತ ಒಂದಾದರೆ ಕೊನೆಯದ್ದು ಇನ್ನೊಂದು. ಕೊನೆಯಲ್ಲಿ ಇಳಿಯುವ ಆ ಬಾಲವನ್ನು ಬಿಟ್ಟರೆ ಅಳತೆ ಕೆಟ್ಟಂತೆ. ವಾಸನೆ ಬಂದ ಮೇಲೂ ರೆಸಿನ್ ಗಾತ್ರದ ಹಲವು ಪಟ್ಟು ಅಮೋನಿಯ ಹಾಯಿಸಿ. ಕೊನೆಯ ಹನಿಯನ್ನು ಶೋಧಕ ಕಾಗದಕ್ಕೆ ಹಾಕಿ, ಅಮೋನಿಯ ಪೂರ್ತಿ ಹಾರುವಂತೆ ಒಣಗಿಸಿ, ಅಮೈನೋ ಆಮ್ಲ ತಗಲಿದರೆ ಬಣ್ಣ ಬರುವ ನಿನ್‌ಹೈಡ್ರಿನ್ ಸವರಿ ಬಿಸಿ ಮಾಡಿ. ನೇರಳೆ ಬಣ್ಣ ಬಂದರೆ ಇನ್ನೂ ಇಳಿಯುವುದಿದೆ.

ಒಣಗಿಸಿದ ಮೇಲೆ, ಅಮೈನೋ ಆಮ್ಲಗಳನ್ನು ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ (ಆವಿ ರೂಪದಲ್ಲಿ ವಸ್ತುಗಳನ್ನು ಬೇರ್ಪಡಿಸುವ ಯಂತ್ರ) ಆವಿಯಾಗಬಲ್ಲ ರೂಪಕ್ಕೆ ತರಬೇಕು. ಫ್ಲೋರಿನ್ ಇರುವ ಗುಂಪನ್ನು ಅಂಟಿಸುವ ಟ್ರೈಫ್ಲೂರೋಅಸಿಟೈಲ್ ವಿಧಾನಕ್ಕಿಂತ ಅಸಿಟೈಲ್ ಐಸೊಪ್ರೊಪೈಲ್ ಎಸ್ಟರೇ ನನ್ನ ಆಯ್ಕೆ. ಫ್ಲೋರಿನ್ ಯಂತ್ರದ ದಹನ ನಳಿಕೆಯನ್ನು ಕೆಡಿಸುತ್ತದೆ. ಮಂಜುಗಡ್ಡೆಯಲ್ಲಿಟ್ಟ 4 ಪಾಲು ಐಸೊಪ್ರೊಪನಾಲ್‌ಗೆ 1 ಪಾಲು ಅಸಿಟೈಲ್ ಕ್ಲೋರೈಡ್ ನಿಧಾನವಾಗಿ ಸೇರಿಸಿ, ಆ ಮಿಶ್ರಣದಲ್ಲಿ ಮಾದರಿಯನ್ನು 100 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಇದನ್ನು ಒಣಗಿಸಿ, ಅಸೆಟಿಕ್ ಅನ್‌ಹೈಡ್ರೈಡ್, ಟ್ರೈಈಥೈಲಮೀನ್, ಅಸಿಟೋನ್ 1:2:5ರ ಮಿಶ್ರಣದಲ್ಲಿ 60 ಡಿಗ್ರಿಯಲ್ಲಿ 10 ನಿಮಿಷ. ನೀರಿನಂಶ ಚೂರೂ ಇರಬಾರದು. ಎಂದೋ ತೆರೆದಿಟ್ಟ ಅಸಿಟೈಲ್ ಕ್ಲೋರೈಡ್ ಬಾಟಲಿಯನ್ನು ಬಳಸಲೇಬೇಡಿ. ಹೊಸದಾಗಿ ಅಂಟುವ ಗುಂಪುಗಳಲ್ಲಿ ಸಾರಜನಕವಿಲ್ಲದಿರುವುದರಿಂದ ಇಂಗಾಲದ ಅಳತೆಯಂತೆ ಲೆಕ್ಕ ತಿದ್ದಬೇಕಿಲ್ಲ. ಕೊನೆಯಲ್ಲಿ ದ್ರಾವಕವನ್ನು ತಣ್ಣಗಿಟ್ಟು ಮೆಲ್ಲನೆ ಹಾರಿಸಿ. ಜೋರಾಗಿ ಊದಿದರೆ ಅಲನೀನ್, ವ್ಯಾಲೀನ್ ಜೊತೆಗೇ ಹಾರುತ್ತವೆ.

ಯಂತ್ರದ ಕೆಲಸ ನೇರ: ಪ್ರತಿ ಅಮೈನೋ ಆಮ್ಲವೂ ಬೇರ್ಪಟ್ಟು, ಸುಟ್ಟು, ಸಾರಜನಕ ಅನಿಲವಾಗಿ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಸೇರುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿ ಹಿಡಿಯುವ ದ್ರವ ಸಾರಜನಕದ ಬಲೆ ಮಾತ್ರ ಬರಿದಾಗದಂತೆ ನೋಡಿಕೊಳ್ಳಿ. ಇಂಗಾಲದ ಡೈಆಕ್ಸೈಡ್ ಒಳಗೆ ನುಸುಳಿದರೆ ಅಲ್ಲಿ ಒಡೆದು ಮೂಡುವ ಕಾರ್ಬನ್ ಮೊನಾಕ್ಸೈಡ್‌ನ ದ್ರವ್ಯರಾಶಿಯೂ 28, ಸಾರಜನಕ ಅನಿಲದ್ದೂ 28; ಯಂತ್ರಕ್ಕೆ ಎರಡೂ ಒಂದೇ.

ಪ್ರತಿ ಮಾದರಿಯನ್ನು ಮೂರು ಸಲ ಓಡಿಸಿ, ನಡುನಡುವೆ ಮೌಲ್ಯ ತಿಳಿದ ಮಿಶ್ರಣ ಹಾಕಿ. ನಾರ್‌ಲ್ಯೂಸಿನ್‌ನ ಮೌಲ್ಯ ಸಾವಿರಕ್ಕೆ 1ಕ್ಕಿಂತ ಹೆಚ್ಚು ಆಚೀಚೆ ಆದರೆ ಆ ಸಂಖ್ಯೆಗಳನ್ನು ತಿದ್ದಿ ಉಳಿಸಿಕೊಳ್ಳಬೇಡಿ. ಫ್ರೀಜರಿನಲ್ಲಿರುವ ಅರ್ಧವನ್ನು ತೆಗೆದು, ನಾರ್‌ಲ್ಯೂಸಿನ್ ಸೇರಿಸಿ, ಕಾಲಂನಿಂದಲೇ ಮತ್ತೆ ಶುರು ಮಾಡಿ.