ಗಿವ್‌ಗೆ ಜೋಡಿ ಹುಡುಕಿದ್ದು

"ಮಿಸ್, ಗಿವ್‌ಗೆ ಒಂದು ಪ್ರಾಸ ಹೇಳಿ" ಅಂತ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಐದು ನಿಮಿಷದ ಕೆಲಸ ಅಂದುಕೊಂಡೆ. ಹತ್ತು ದಿನ ಹಿಡಿಯಿತು.

ನಾನು ಚಿಕ್ಕಮಗಳೂರಿನ ಅಂಚಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಆಲ್ದೂರಿನಲ್ಲಿ. ನಮ್ಮ ಎಚ್‌ಎಂ ಸರ್ ಆ ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ಗಣಿತದ ಮೇಷ್ಟ್ರು, ಮಕ್ಕಳಿಗೆ ಅವರೆಂದರೆ ಪ್ರಾಣ. ಬೀಳ್ಕೊಡುಗೆಗೆ ಕನ್ನಡ ಹಾಡು ನಮ್ಮದು ಅಂತ ಎಂಟನೇ ಕ್ಲಾಸಿನವರು ಮೊದಲೇ ಬುಕ್ ಮಾಡಿಬಿಟ್ಟಿದ್ದರು. ಹಾಗಾಗಿ ಒಂಬತ್ತರವರಿಗೆ ಇಂಗ್ಲಿಷೇ ಬೇಕು. ರಾಗ ಅವರೇ ಕಟ್ಟಿದ್ದರು. ಮೊದಲ ಸಾಲೂ ಅವರದ್ದೇ: 'ಆಲ್ ದ ಟೈಮ್ ಯು ಹ್ಯಾಡ್ ಟು ಗಿವ್'. ನಮಗೆ ಕೊಡೋಕೆ ಅಂತ ನಿಮ್ಮ ಹತ್ತಿರ ಇದ್ದ ಹೊತ್ತೆಲ್ಲ, ಅಂತ. ಚೆನ್ನಾಗಿದೆ ಅಲ್ವಾ? ಆದರೆ ಎರಡನೇ ಸಾಲಿಗೆ ಗಾಡಿ ನಿಂತುಬಿಟ್ಟಿತ್ತು.

ನಿಮಗೆ ತೋಚಿದ್ದನ್ನೆಲ್ಲ ಬೋರ್ಡ್ ಮೇಲೆ ಬರೆಯಿರಿ ಅಂದೆ. ಫೈವ್, ಡ್ರೈವ್, ಹೈವ್, ಅಲೈವ್. ಸಾಲಾಗಿ ಬಂದವು. ಸ್ಪೆಲ್ಲಿಂಗ್ ನೋಡಿದರೆ ಅವರದ್ದೇನೂ ತಪ್ಪಿಲ್ಲ. ಎಲ್ಲದರ ಬಾಲವೂ ಐ, ವಿ, ಇ. ಗಿವ್‌ನದ್ದೂ ಅದೇ ಬಾಲ. ಇದನ್ನು ಇಂಗ್ಲಿಷಿನವರು ಕಣ್ಣಿನ ಪ್ರಾಸ ಅನ್ನುತ್ತಾರೆ. ಓದುವ ಕಣ್ಣಿಗೆ ಮಾತ್ರ ಜೋಡಿ, ಕಿವಿಗೆ ಅಲ್ಲ. ಜಾನ್ ವಾಕರ್ 1775ರಲ್ಲಿ ಮಾಡಿದ ಪ್ರಾಸದ ನಿಘಂಟು ಕೂಡ ಪದಗಳನ್ನು ಸ್ಪೆಲ್ಲಿಂಗಿನ ಕೊನೆಯಿಂದ ಹಿಂದಕ್ಕೆ ಜೋಡಿಸಿದ್ದು. ದೊಡ್ಡ ಪಂಡಿತರೇ ಹಾಗೆ ಮಾಡಿದ ಮೇಲೆ ಒಂಬತ್ತನೇ ಕ್ಲಾಸಿನವರಿಗೆ ಬೈಯೋದು ಹೇಗೆ?

ಆಗ ಹೊಳೆದಿದ್ದೇ ನಾನು ಈಗಲೂ ಮಾಡುವ ಮೊದಲ ಉಪಾಯ. ಎಲ್ಲ ಪದವನ್ನೂ ಪಕ್ಕದಲ್ಲೇ ಕನ್ನಡ ಅಕ್ಷರದಲ್ಲಿ ಬರೆಸಿದೆ. ಗಿವ್. ಫೈವ್. ಡ್ರೈವ್. ಹಿಂದಿನ ಬೆಂಚಿನವನೊಬ್ಬ "ಅಯ್ಯೋ, ಗುಡಿಸು ಬೇರೆ, ಐತ್ವ ಬೇರೆ ಮಿಸ್" ಅಂದ. ಕೆಲಸ ಮುಗಿಯಿತು. ಇಂಗ್ಲಿಷ್ ಸ್ಪೆಲ್ಲಿಂಗ್ ಮುಚ್ಚಿಡುವುದನ್ನು ನಮ್ಮ ಗುಣಿತಾಕ್ಷರ ಬಿಚ್ಚಿ ತೋರಿಸುತ್ತದೆ. ಒಂದೇ ಸ್ಪೆಲ್ಲಿಂಗಿನ ಪದ ಕ್ರಿಯಾಪದವಾದರೆ ಲಿವ್, ಟಿವಿಯಲ್ಲಿ ಬಂದರೆ ಲೈವ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಅಂತ ಯಾರೂ ಹೇಳಲ್ಲ.

ಎರಡನೇ ಕೆಲಸ ಬಸ್ಸಿನಲ್ಲಿ ಆಯಿತು. ಪಕ್ಕಾ ಪ್ರಾಸಕ್ಕೆ ನಿಯಮ ಸಣ್ಣದು. ಪದದಲ್ಲಿ ಕೊನೆಯದಾಗಿ ಒತ್ತು ಬೀಳುವ ಸ್ವರ ಯಾವುದೋ ಅಲ್ಲಿಂದ ಕೊನೆಯ ತನಕ ಎಲ್ಲ ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು. ಗಿವ್‌ನಲ್ಲಿ ಉಳಿಸಿಕೊಳ್ಳಬೇಕಾದ ಬಾಲ 'ಇವ್'. ಹಾಗಾದರೆ ನಮ್ಮ ವರ್ಣಮಾಲೆಯನ್ನೇ ಅದರ ಮುಂದೆ ಕೂರಿಸಿಕೊಂಡು ಹೋದರಾಯಿತು. ಕಿವ್, ಚಿವ್, ಜಿವ್, ಟಿವ್, ಡಿವ್ ಅಂತ ತುಟಿ ಆಡಿಸುತ್ತಾ ಕೂತೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದರು. ಮಂತ್ರ ಅಂದುಕೊಂಡರೋ ಏನೋ. ಆಮೇಲೆ ಒತ್ತಕ್ಷರದ ಸರದಿ: ಕ್ರಿವ್, ಬ್ಲಿವ್, ಸ್ಲಿವ್, ಸ್ಪಿವ್. ಸಣ್ಣ ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋಗಿ ಡಿಕ್ಷನರಿ ತೆಗೆದೆ.

ಉಳಿದದ್ದು ನಾಲ್ಕೇ ನಾಲ್ಕು. ಲಿವ್ ಅಂದರೆ ಬದುಕು. ಸಿವ್ ಅಂದರೆ ಜರಡಿ. ಸ್ಪಿವ್ ಅಂದರೆ ಬ್ರಿಟನ್ನಿನ ಆಡುಮಾತಿನಲ್ಲಿ ಕಾಳಸಂತೆಯ ಸಣ್ಣ ದಗಾಕೋರ. ಶಿವ್ ಅಂತಲೂ ಒಂದಿದೆ. ಮಾರನೇ ದಿನ ಅದನ್ನು ಹೇಳಿದ ತಕ್ಷಣ ಮಕ್ಕಳು "ಶಿವ! ಹಾಕಿ ಮಿಸ್, ದೇವರ ಹೆಸರು ಬಂದಂಗೂ ಆಗುತ್ತೆ" ಅಂದರು. ಅದು ಜೈಲಿನಲ್ಲಿ ಕದ್ದು ಮಾಡಿಕೊಳ್ಳುವ ಚೂರಿ ಅಂತ ಹೇಳಬೇಕಾಯಿತು. ಎಚ್‌ಎಂ ಬೀಳ್ಕೊಡುಗೆಗೆ ಚೂರಿ ಬೇಡ ಅಂತ ಸರ್ವಾನುಮತದಿಂದ ತೀರ್ಮಾನ ಆಯಿತು.

ಫರ್ಗಿವ್ ಯಾಕಾಗಲ್ಲ ಅಂತ ಒಬ್ಬಳು ವಾದ ಮಾಡಿದಳು. ಅದರಲ್ಲಿ 'ಗಿ' ಮತ್ತೆ ಬರುತ್ತದೆ. ಅದು ಪ್ರಾಸ ಅಲ್ಲ, ಅದೇ ಪದ ಟೋಪಿ ಹಾಕಿಕೊಂಡು ಬಂದಿದೆ ಅಷ್ಟೇ. ಹಾಡಿನಲ್ಲಿ ನಡೆದುಹೋಗುತ್ತದೆ, ಎಷ್ಟೋ ಜನ ಬಳಸುತ್ತಾರೆ. ನನಗೆ ಮಾತ್ರ ಅದು ಮೈಗಳ್ಳತನ ಅನಿಸುತ್ತದೆ.

ನಾನು ಏನಾದರೂ ಬಿಟ್ಟೆನಾ ಅಂತ ಮೊಬೈಲಿನಲ್ಲೂ ನೋಡಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರದ್ದು ಒಂದು ಉಚ್ಚಾರಣೆಯ ಪಟ್ಟಿ ಇದೆ, 1,34,000ಕ್ಕೂ ಜಾಸ್ತಿ ಪದಗಳು. ಎಲ್ಲವನ್ನೂ 39 ಧ್ವನಿಗಳಲ್ಲಿ ಬಿಡಿಸಿ ಬರೆದಿದ್ದಾರೆ. ಒತ್ತು ಬೀಳುವ ಸ್ವರದ ಪಕ್ಕ 1 ಅಂತ ಗುರುತು. ಪಟ್ಟಿ ದೊಡ್ಡದಾದರೂ ಹಾಡಿಗೆ ಒದಗುವ ಹೊಸ ಪದ ಸಿಗಲಿಲ್ಲ. ಗಿವ್ ಎಷ್ಟು ಸಾಮಾನ್ಯ ಪದವೋ ಅದಕ್ಕೆ ಅಷ್ಟು ಕಡಿಮೆ ನೆಂಟರು.

ಲಿವ್ ಇಟ್ಟುಕೊಂಡು ಮೊದಲ ಜೋಡಿ ಮುಗಿಸಿದೆವು: 'ಇನ್ ಅವರ್ ಹೆಡ್ಸ್ ವಿಲ್ ಆಲ್ವೇಸ್ ಲಿವ್'. ನಮ್ಮ ತಲೆಯಲ್ಲಿ ಯಾವಾಗಲೂ ಇರುತ್ತದೆ ಅಂತ. ಹಾಡಿಸಿ ನೋಡಿದರೆ ಅರ್ಧ ಕ್ಲಾಸು 'ಲೀವ್' ಅನ್ನುತ್ತಿತ್ತು. ನಿಮ್ಮ ಪಾಠ ನಮ್ಮ ತಲೆಯಿಂದ ಹೊರಟುಹೋಗುತ್ತದೆ ಅಂತ ಹಾಡಿದ ಹಾಗಾಯಿತು!

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದೆ. ಕನ್ನಡ ಮೇಷ್ಟ್ರು ಟೀ ಲೋಟ ಕೆಳಗಿಟ್ಟು, "ಇದರಲ್ಲಿ ಹೊಸದೇನಿದೆ ಮೇಡಂ? ನಿಮ್ಮ ಲಿವ್ ಸಿಂಹ, ಲೀವ್ ಗಜ. ಎರಡನ್ನೂ ಒಂದೇ ಪದ್ಯಕ್ಕೆ ಕಟ್ಟಬಾರದು" ಅಂದರು. ನನಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿದರು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಬಾಲದಲ್ಲಲ್ಲ, ತಲೆಯ ಹತ್ತಿರ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ, ಬೇರೆ ಒತ್ತಕ್ಷರ ಇದ್ದರೆ ಶರಭ, ಅದೇ ಅಕ್ಷರದ ಒತ್ತು ಇದ್ದರೆ ಹಯ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಈ ಆರನ್ನೂ ಹೇಳಿಟ್ಟಿದ್ದಾನೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದೆ.

ಅವತ್ತೇ ಕ್ಲಾಸಿನಲ್ಲಿ ಬೋರ್ಡನ್ನು ಎರಡು ಭಾಗ ಮಾಡಿದೆ. ಒಂದು ಕಡೆ ಸಿಂಹ: ಗಿವ್, ಲಿವ್, ಸಿವ್. ಇನ್ನೊಂದು ಕಡೆ ಆನೆ: ಲೀವ್, ಬಿಲೀವ್, ರಿಸೀವ್, ಈವ್. ಆಮೇಲೆ ಯಾರಾದರೂ ಲೀವ್ ಅಂದರೆ ಪಕ್ಕದವರು "ಏಯ್, ಆನೆ ಬಂತು" ಅನ್ನುತ್ತಿದ್ದರು. ನಮ್ಮ ಕಡೆ ಆನೆ ಬಂತು ಅಂದರೆ ಸುಮ್ನೆ ತಮಾಷೆ ಅಲ್ಲ. ಚೆನ್ನಾಗಿ ನೆನಪಿಟ್ಟುಕೊಂಡರು.

ಮೇಷ್ಟ್ರು ಇನ್ನೊಂದು ಮಾತೂ ಹೇಳಿದ್ದರು. ಅದೇ ವ್ಯಂಜನ ಸಿಗದಿದ್ದರೆ ಅದೇ ವರ್ಗದ ಇನ್ನೊಂದನ್ನು ತರುವ ವರ್ಗಪ್ರಾಸ ಅಂತ ಹಳಬರಲ್ಲಿ ಇತ್ತು. ಹತ್ತಿರದ ಪ್ರಾಸ ಅಂದರೆ ಇದೇ ತಾನೆ? 'ವ' ಅವರ್ಗೀಯ, ಅದಕ್ಕೆ ವರ್ಗ ಇಲ್ಲ. ಆದರೆ ಬಾಯೊಳಗೆ ಅದಕ್ಕೆ ಅಕ್ಕಪಕ್ಕದ ಮನೆಯವರಿದ್ದಾರೆ. ಗಂಟಲ ಮೇಲೆ ಬೆರಳಿಟ್ಟುಕೊಂಡು ಇಂಗ್ಲಿಷಿನ 'ವ್' ಅನ್ನಿ. ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ, ಗಂಟಲು ನಡುಗುತ್ತದೆ. ಗಂಟಲು ನಡುಗುವುದನ್ನು ನಿಲ್ಲಿಸಿದರೆ 'ಫ್' ಆಗುತ್ತದೆ. ಅಲ್ಲಿ ಇಫ್, ಸ್ಟಿಫ್, ಕ್ಲಿಫ್ ಸಿಕ್ಕವು. ತುಟಿ ಪೂರ್ತಿ ಮುಚ್ಚಿದರೆ 'ಬ್'. ಅಲ್ಲಿ ರಿಬ್, ಕ್ರಿಬ್. ವನ ಬನ ಆಗಿದ್ದು, ವೃಷಭ ಬಸವ ಆಗಿದ್ದು ನೆನಪಿದ್ದರೆ ನಮ್ಮ ಕಿವಿಗೆ ಇದು ದೂರ ಅಲ್ಲ. ನಾಲಿಗೆಯನ್ನು ಹಲ್ಲಿನ ಮಧ್ಯೆ ತಂದರೆ 'ವಿತ್' ಸಿಗುತ್ತದೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ನಾವು ಅದನ್ನು ತಕಾರ ಹಾಕಿ ಪಟ್ ಅಂತ ಮುಚ್ಚುತ್ತೇವೆ. ಹಾಗೆ ಮುಚ್ಚದೆ, ಜೇನುಹುಳದ ಹಾಗೆ ಗುಂಯ್ ಅನ್ನಿಸಿದರೆ ಗಿವ್‌ಗೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ. ಎರಡನೇ ಜೋಡಿ ಹಾಗೆ ಹುಟ್ಟಿತು: 'ಎವ್ರಿ ಡೌಟ್ ಯು ಹೆಲ್ಪ್ಡ್ ಅಸ್ ವಿತ್, ಎವ್ರಿ ಸಮ್ ಯು ಲವ್ಡ್ ಟು ಗಿವ್'. ಬಗೆಹರಿಸಿದ ಅನುಮಾನ, ಖುಷಿಯಿಂದ ಕೊಟ್ಟ ಲೆಕ್ಕ.

ಹತ್ತಿರದ ಪ್ರಾಸವನ್ನು ಕಾಗದದ ಮೇಲೆ ಒಪ್ಪಿಕೊಳ್ಳಬೇಡಿ. ಹಾಡಿಯೇ ನೋಡಬೇಕು. ಸ್ವರ ಎಳೆದು ಹಾಡುವ ಕಡೆ ಕೊನೆಯ ವ್ಯಂಜನ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಿವಿ ಒಪ್ಪಿಕೊಂಡಿರುತ್ತದೆ. ಚುಟುಕಾಗಿ ಕಡಿಯುವ ಕಡೆ ಸ್ಟಿಫ್ ತಕ್ಷಣ ಸಿಕ್ಕಿಬೀಳುತ್ತದೆ. ಇನ್ನೊಂದು ಜಾತಿ ಇದೆ. ಸ್ವರ ಬದಲಿಸಿ ಅಕ್ಕಪಕ್ಕದ ವ್ಯಂಜನ ಹಾಗೇ ಇಡುವುದು: ಗಿವ್, ಗೇವ್. ಒಂದನೇ ಮಹಾಯುದ್ಧದ ಕವಿ ವಿಲ್ಫ್ರೆಡ್ ಓವನ್ ಇಂಥದ್ದಕ್ಕೆ ಹೆಸರಾದವನು. ಕೇಳಿದರೆ ಏನೋ ತಪ್ಪಿದ ಹಾಗೆ, ಏನೋ ಕಳೆದುಹೋದ ಹಾಗೆ ಅನಿಸುತ್ತದೆ. ಯುದ್ಧದ ಪದ್ಯಕ್ಕೆ ಸರಿ, ಬೀಳ್ಕೊಡುಗೆಗೆ ಬೇಡ ಅಂತ ಬಿಟ್ಟೆ.

ಪಾಸಿಟಿವ್, ಸೆನ್ಸಿಟಿವ್, ರಿಲೇಟಿವ್ ಅಂತ ಮಕ್ಕಳು ಒಂದು ರಾಶಿ ತಂದರು. ಬಾಲ 'ಇವ್' ಇದೆ, ಆದರೆ ಒತ್ತು ಬೀಳುವುದು ಪದದ ಶುರುವಿನ ಮೇಲೆ. ತಾಳದ ಪೆಟ್ಟು ಬಾಲಕ್ಕೆ ಬೀಳುವ ಹಾಗೆ ಕೂರಿಸಿದರೆ ನಡೆಯುತ್ತದೆ. ನಮ್ಮ ಹಾಡಿನಲ್ಲಿ ಕೂರಲಿಲ್ಲ, ಜಾಹೀರಾತಿನ ಹಾಗೆ ಕೇಳಿಸಿತು.

ಇಷ್ಟರ ಮಧ್ಯೆ ಇನ್ನೊಂದು ಕಾಟ. ಬಸ್ಸನ್ನು ಬಸ್ಸು, ಪಾಸನ್ನು ಪಾಸು ಅನ್ನುವ ನಾಲಿಗೆ ನಮ್ಮದು. ಜೋಶ್ ಬಂದ ತಕ್ಷಣ ಗಿವ್ವು, ಲಿವ್ವು ಅಂತ ಹಾಡುತ್ತಿದ್ದರು. ನಿಜ ಹೇಳಬೇಕಂದರೆ ಆಗ ಪ್ರಾಸ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. ತಿದ್ದಿದ್ದು ಬರೀ ಇಂಗ್ಲಿಷ್ ಟೀಚರ್ ಅನ್ನುವ ಮರ್ಯಾದೆಗೆ.

ಸಿವ್ ಮಾತ್ರ ಚೀಟಿಯಲ್ಲೇ ಉಳಿದಿತ್ತು. ಜರಡಿಗೂ ಬೀಳ್ಕೊಡುಗೆಗೂ ಏನು ಸಂಬಂಧ? ಮೊದಲ ದಿನ ಪ್ರಾಸ ಕೇಳಿದ್ದ ಹುಡುಗಿಯೇ ಬಾಯಿ ಬಿಟ್ಟಳು. ಅವಳ ಅಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾರ್ಬ್ಲಿಂಗ್‌ಗೆ, ಅಂದರೆ ಬೀಜ ಆರಿಸುವ ಕೆಲಸಕ್ಕೆ, ಹೋಗುತ್ತಾರೆ. ಬೀಜ ಮೊದಲು ಜರಡಿಯಲ್ಲಿ ಗಾತ್ರದ ಪ್ರಕಾರ ಬೇರೆಯಾಗುತ್ತದೆ, ಆಮೇಲೆ ಹೆಂಗಸರು ಕೂತು ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಾರೆ. ಜರಡಿಯ ನಂಬರ್ ಅಂದರೆ ತೂತಿನ ಅಗಲ, ಇಂಚಿನ 64ನೇ ಭಾಗದ ಲೆಕ್ಕದಲ್ಲಿ. 16ನೇ ನಂಬರ್ ಅಂದರೆ ಕಾಲಿಂಚು. ಗಾರ್ಬಲ್ ಅನ್ನುವ ಪದ ಹುಟ್ಟಿದ್ದೇ ಜರಡಿ ಹಿಡಿಯುವುದು ಅನ್ನುವ ಅರಬ್ಬಿ ಮಾತಿನಿಂದ. ಇದನ್ನು ಹೇಳಿದಾಗ ಅವಳು "ಹಾಗಾದ್ರೆ ಅಮ್ಮನ ಕೆಲಸದ ಹೆಸರಲ್ಲೇ ಜರಡಿ ಇದೆ" ಅಂದಳು. ಜರಡಿ ಜರಡಿ ಅಂತ ಮಾತು ನಡೆಯುವಾಗ ಹಿಂದಿನ ಬೆಂಚಿನವನು ಎದ್ದು ನಿಂತ. "ಮಿಸ್, ಎರಟೋಸ್ತನೀಸನ ಜರಡಿ! ಸರ್ ಹೇಳಿಕೊಟ್ಟಿದ್ರಲ್ಲ."

ಹಳೆಯ ಗ್ರೀಕ್ ಪಂಡಿತ ಎರಟೋಸ್ತನೀಸನ ಉಪಾಯ ಅದು: 1ರಿಂದ 100ರವರೆಗೆ ಬರೆದು, 2ನ್ನು ಉಳಿಸಿ ಅದರ ಮಿಕ್ಕ ಗುಣಕ ಹೊಡೆದು, ಹಾಗೇ 3ರದ್ದು, 5ರದ್ದು, 7ರದ್ದು ಹೊಡೆದು, ಕೊನೆಗೆ ಅವಿಭಾಜ್ಯ ಸಂಖ್ಯೆ ಉಳಿಸಿಕೊಳ್ಳುವುದು. ಎಲ್ಲರೂ ಸರ್ ಹತ್ತಿರವೇ ಕಲಿತದ್ದು. ಹತ್ತು ನಿಮಿಷದಲ್ಲಿ ಕೊನೆಯ ಜೋಡಿ ಆಯಿತು: 'ಪ್ರೈಮ್ಸ್ ಆರ್ ಲೆಫ್ಟ್ ಇನ್‌ಸೈಡ್ ದ ಸಿವ್, ಸೋ ಇಸ್ ಆಲ್ ಯು ಹ್ಯಾಡ್ ಟು ಗಿವ್'. ಜರಡಿಯಲ್ಲಿ ಅವಿಭಾಜ್ಯಗಳು ಉಳಿದ ಹಾಗೆ ನೀವು ಕೊಟ್ಟದ್ದೂ ಉಳಿದಿದೆ ಅಂತ.

ಬೀಳ್ಕೊಡುಗೆಯ ದಿನ ಮೊದಲ ಎರಡು ಜೋಡಿ ಚೆನ್ನಾಗಿ ಬಂದವು. ಕೊನೆಯದಕ್ಕೆ ಮೈಕ್ ಕಿರ್ ಅಂತು. ಗಾಬರಿಯಲ್ಲಿ ಮುಂದಿನ ಸಾಲಿನವರು ಕೈಯಲ್ಲಿದ್ದ ಇಂಗ್ಲಿಷ್ ಕಾಗದ ನೋಡಿಕೊಂಡರು. ಅಲ್ಲಿ ಐ, ಇ ಎರಡೂ ಒಟ್ಟಿಗೆ ಕಂಡಿತು. ಒಬ್ಬರಾದ ಮೇಲೆ ಒಬ್ಬರು 'ಸೀವ್' ಅಂದರು. ಆನೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ.

ಊಟದ ಹೊತ್ತಿಗೆ ಎಚ್‌ಎಂ ಸರ್ ಪಕ್ಕಕ್ಕೆ ಬಂದು, "ಹಾಡು ತುಂಬಾ ಚೆನ್ನಾಗಿತ್ತಮ್ಮ. ಕೊನೇಲಿ ಅದೇನೋ ಸೀಬೆ ಅಂದ್ರಲ್ಲ, ಸೀಬೆಹಣ್ಣಾ?" ಅಂದರು.

"ಜರಡಿ ಸರ್. ಎರಟೋಸ್ತನೀಸಂದು."

ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಇದ್ದರು. ಆಮೇಲೆ, "1ನ್ನ ಮೊದಲೇ ಹೊಡೆದು ಹಾಕಿದ್ರಾ ಕೇಳು ಅವರನ್ನ. ಪ್ರತಿ ವರ್ಷ ಮರೀತಾರೆ" ಅಂದರು.