ಎರೆ ಹೊಲದಲ್ಲಿ ಚೌಕು ಮಡಿ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಮ್ಮ ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಬಾವಿಯಿಲ್ಲ, ಕಾಲುವೆಯಿಲ್ಲ. ಮುಂಗಾರಿನ ನೀರು ಮಣ್ಣಿನಲ್ಲಿ ಉಳಿದರೆ ಮಾತ್ರ ಹಿಂಗಾರಿ ಜೋಳ. ಮಿರಗದಿಂದ (ಮೃಗಶಿರಾ ನಕ್ಷತ್ರದಿಂದ) ಹದವಾಗಿ ಹಿಡಿಯುತ್ತಿದ್ದ ಮಳೆ ಈಗ ಮೂರು ವಾರ ಮುಖ ತೋರಿಸದೆ, ಬಂದ ದಿನ ತಾಸೊಪ್ಪತ್ತಿನಲ್ಲಿ ಸುರಿದು, ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ.

ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ಮಾಡಿ, ಬಿದ್ದ ಮಳೆ ಅಲ್ಲಲ್ಲೇ ಇಂಗುವಂತೆ ಮಾಡುವುದೇ ಚೌಕು ಮಡಿ. 2019ರಲ್ಲಿ ಅದನ್ನು ಕಟ್ಟಲು ಹೊರಟಾಗ, ಬಾರದ ಮಳೆಗೆ ಬದು ಕಟ್ಟುತ್ತಾನೆಂದು ಊರವರು ನಕ್ಕರು. ಟ್ರ್ಯಾಕ್ಟರ್ ಬಾಡಿಗೆ, ಮೂಲೆ ಮುಚ್ಚುವ ಆಳು ಸೇರಿ ಸುಮಾರು ಏಳು ಸಾವಿರ ಹೋಯಿತು. ಖರ್ಚು ಉಳಿಸಲು ಐವತ್ತು ಅಡಿಯ ದೊಡ್ಡ ಮಡಿ ಮಾಡಿದ್ದೇ ತಪ್ಪಾಯಿತು: ಮೇಲಿನದೊಂದು ಒಡೆಯಿತು, ಅದರ ನೀರಿಗೆ ಕೆಳಗಿನ ಸಾಲೆಲ್ಲ ಒಡೆದು ಹೊಲದ ನಡುವೆ ಮೊಣಕಾಲುದ್ದ ಕೊರಕಲು ಬಿತ್ತು. ಮರುವರ್ಷ ಮಡಿಯನ್ನು ಹದಿನೈದು ಅಡಿಗೆ ಇಳಿಸಿದೆ. ಆದರೆ ಹೆಚ್ಚಿನ ನೀರು ಹರಿದುಹೋಗಲು ಬದುವಿನಲ್ಲಿ ಬಾಯಿ ಬಿಟ್ಟಿರಲಿಲ್ಲ. 2020ರ ಅಕ್ಟೋಬರದಲ್ಲಿ ಭೀಮಾ ನದಿ ಉಕ್ಕಿದ ಆ ಮಳೆಗೆ ಮಡಿಯಲ್ಲಿ ನೀರು ನಿಂತು, ಬಿತ್ತನೆ ನವೆಂಬರಕ್ಕೆ ಜಾರಿ, ತೆನೆ ತುಂಬದೆ ಕಣಿಕೆಯಷ್ಟೇ (ಜೋಳದ ದಂಟಷ್ಟೇ) ಮನೆಗೆ ಬಂತು. ಆ ವರ್ಷ ಬೀಜದ ಹಣಕ್ಕೂ ಕೈಗಡ ಮಾಡಬೇಕಾಯಿತು.

ಈಗ ಇಳಿಜಾರಿನ ಬದಿಯ ಬದುಗಳಿಗೆ ಬಾಯಿ ಬಿಡುತ್ತೇನೆ. ಎಲ್ಲಿ, ಎಷ್ಟು ಎತ್ತರಕ್ಕೆ ಎಂಬುದನ್ನು ಹೊಲಕ್ಕೆ ಬಂದವರಿಗೆ ಮಾತ್ರ ತೋರಿಸುವೆ. ಬಿತ್ತುವ ಮುನ್ನ ಕುಂಟೆ ಹೊಡೆದು ಮಡಿ ಮುರಿಯುವ ದಿನವನ್ನು ಗೊತ್ತುಮಾಡುವ ಬಗೆಯೂ ನನ್ನಲ್ಲಿಯೇ ಇರಲಿ.

ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಕಂಡ 2023ರಲ್ಲಿ ಮಡಿಯ ಬೆಲೆ ತಿಳಿಯಿತು. ಜುಲೈ ಕೊನೆಯ ಮಳೆಯನ್ನು ಮಡಿಗಳು ಕುಡಿದಿದ್ದವು. ಸೆಪ್ಟೆಂಬರದಲ್ಲಿ ಗೇಣುದ್ದ ಅಗೆದರೆ ಮಣ್ಣು ಉಂಡೆ ಕಟ್ಟುತ್ತಿತ್ತು, ಬದುವಿನಾಚೆಯ ಹೊಲದಲ್ಲಿ ಪುಡಿಯಾಗಿ ಉದುರುತ್ತಿತ್ತು. ಹಿಂಗಾರಿ ಜೋಳದ ತಳಿ ಮಾಲದಂಡಿ ಬಿತ್ತಿದೆ. ಎಕರೆಗೆ ನಾಲ್ಕು ಕ್ವಿಂಟಲ್ ಹತ್ತಿರ ಬಂತು. ಸುತ್ತಲಿನವರಿಗೆ ಒಂದೂವರೆ ದಾಟಲಿಲ್ಲ. ಮೇವಿನ ಬರದಲ್ಲಿ ಕಣಿಕೆ ಮಾರಿದ ಹಣವೇ ಹಿಂದಿನ ಬಾಡಿಗೆಗಳನ್ನೆಲ್ಲ ತೀರಿಸಿತು.

ತೇವ ಇನ್ನಷ್ಟು ದಿನ ನಿಲ್ಲಲೆಂದು ಅರ್ಧ ಎಕರೆಯಲ್ಲಿ ಸಾಲುಗಳ ನಡುವೆ ತೊಗರಿ ಹೊಟ್ಟು ಹರಡಿದ್ದೆ. ದನದ ಬಾಯಿಗೆ ಹೋಗುವುದನ್ನು ಮಣ್ಣಿಗೆ ಹಾಕುವುದೇ ಎಂದು ಅವ್ವ ನಾಲ್ಕು ದಿನ ಮಾತು ಬಿಟ್ಟಳು. ಆಮೇಲೆ ಅದನ್ನು ಗೆದ್ದಲು ತಿಂದಿತು.